ಗೊಲ್ಲಾಳಮ್ಮನ ಕಾಲುಂಗುರ

ಕಾಲಬೆರಳು ನೊಂದ್ರ ನಮ್ಮ ಕಡಿ ಯಾರು ಲೆಕ್ಕಕ್ಕ ಹಿಡೀತಾರ? ಜ್ವರ ಬಂದ್ರ ಮಲಗ್ತೀವಿ, ಹೊಟ್ಟಿ ಹಿಡಿದ್ರ ಒದ್ದಾಡ್ತೀವಿ. ಬೆರಳು ನೊಂದ್ರ ಅರಿಶಿಣ ಮೆತ್ತಿಕೊಂಡು ಹೊಲಕ್ಕ ನಡೀತೀವಿ. ಗೋಗಿ ಊರಿನ ಗೊಲ್ಲಾಳಮ್ಮನೂ ಹಂಗೇ ನಡೆದಳು.

ಭತ್ತದ ನಾಟಿ ಹಚ್ಚುವಾಗ ಕೆಸರಿನ್ಯಾಗ ಏನೋ ಚುಚ್ಚಿತ್ತು. ಕಾಲುಂಗುರ ಹಾಕಿದ ಬೆರಳಿಗೇ ಗಾಯ. ಮೊದಲು ಚಳಕು, ಆಮ್ಯಾಲ ಬಾವು. ಬಾವು ಏರಿದಂಗ ಬೆಳ್ಳಿ ಉಂಗುರ ಮಾಂಸದಾಗ ಹೂತು ಕುಂತಿತು. ಆಕಿಗೆ ಸಕ್ಕರಿ ಬ್ಯಾನಿ ಬ್ಯಾರೆ ಇತ್ತು. ಮೈ ಹಗುರ ಆತಂತ ಗುಳಿಗಿ ಬಿಟ್ಟು ಕುಂತಿದ್ದಳು.

ಆಶಾ ಕಾರ್ಯಕರ್ತೆ ಖಾಸಿಂಬೀ ಅದೇ ಓಣಿಯಾಕಿ. ಆ ಕಾಲು ಕಂಡವಳೇ ಹೊಸ್ತಿಲ ಮುಂದ ಕುಕ್ಕರಿಸಿದಳು.

"ಅಯ್ಯ, ಇದೇನಕ್ಕಾ! ಮೊದಲು ಉಂಗುರ ತೆಗಿ. ಬಾವಿನ್ಯಾಗ ಉಂಗುರ ಬಿಗಿದ್ರ ಬೆರಳಿಗೆ ರಕ್ತ ಹರಿಯಂಗಿಲ್ಲ."

"ಸಾಬಾಣ ಹಚ್ಚಿ ಎಳೆದೆ ಖಾಸಿಂಬೀ, ಬರವಲ್ದು."

"ಹಂಗಿದ್ರ ಕತ್ತರಿಸಬೇಕು. ದವಾಖಾನಿಗೆ ನಡಿ. ಸಕ್ಕರಿ ಇದ್ದವರಿಗೆ ಗಾಯ ಲಗೂ ಮಾಯಂಗಿಲ್ಲ."

ಕತ್ತರಿಸೋ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತಿ ಮಲಕಮ್ಮ ಒಳಗಿಂದ ಧುಮುಗುಡಕೋತ ಬಂದಳು.

"ಏನಂದಿ? ಗಂಡ ಗುಂಡುಕಲ್ಲಿನಂಗ ಇರಬೇಕಾದ್ರ ಕಾಲುಂಗುರ ಕತ್ತರಸ್ತಾರೇನ? ಗಂಡ ಸತ್ತ ಮ್ಯಾಲ ತೆಗಿಯೋ ಉಂಗುರ ಅದು! ನನ್ನ ಮಗನಿಗೆ ಕೇಡು ಬಗೀತೀಯೇನ?"

"ಯವ್ವಾ, ಉಂಗುರ ನಾಳಿಗೆ ಇನ್ನೊಂದು ಮಾಡಸಬಹುದು. ಬೆರಳ ಯಾವ ಪತ್ತಾರ ಮಾಡಿ ಕೊಡ್ತಾನ?"

ಗೊಲ್ಲಾಳಮ್ಮ ಉಂಗುರದ ಮ್ಯಾಲ ಕೈ ಮುಚ್ಚಿದಳು. ಗಂಡ ಸೂಗಪ್ಪ ಟ್ರ್ಯಾಕ್ಟರ್ ಹೊಡಿಯಾಂವ, ದಿನಾ ದಾರಿಮ್ಯಾಲಿನ ಜೀವ. ಉಂಗುರ ಕತ್ತರಿಸಿದ ದಿನವೇ ಏನಾರ ಆದ್ರ? ಅತ್ತಿ ಬೈಯೋದು ಹಾಳಾಗ್ಲಿ, ತನ್ನ ಮನಸೇ ತನ್ನ ಸುಮ್ಮನ ಬಿಡ್ತದೇನ?

"ಇರಲಿ ಬಿಡು ಖಾಸಿಂಬೀ, ಬಾವು ತಾನೇ ಇಳೀತದ" ಅಂದಳು.

ಒಂದು ಮುಂಜಾನಿ ಎದ್ದರ ನೋವೇ ಇಲ್ಲ!

"ನೋಡಿದೇನ? ದೇವರು ಕಣ್ಣು ತೆರೆದ" ಅಂತ ಮಲಕಮ್ಮ ದೀಪ ಹಚ್ಚಿದಳು. ಗೊಲ್ಲಾಳಮ್ಮ ಕುಂಟದೇ ನೀರು ತಂದಳು. ಬೆರಳು ಕರ್ರಗಾದದ್ದು ಅರಿಶಿಣ ಮೆತ್ತಿ ಸುತ್ತಿದ ಅರಿವಿ ಅಡಿಯಾಗ ಯಾರಿಗೂ ಕಾಣಲಿಲ್ಲ. ಕಡೀಗೆ ನಾತ ಹೊಡೀತು. ಸೂಗಪ್ಪ ಅರಿವಿ ಬಿಚ್ಚಿ ನೋಡಿದ, ಖಾಸಿಂಬೀನ್ನ ಕೂಗಿದ. ಹೆಂಡತಿ ಮೈ ಕೆಂಡದಂಗ ಸುಡಾಕತ್ತಿತ್ತು.

ಖಾಸಿಂಬೀ ಓಡಿ ಬಂದು ನೋಡಿ ಅತ್ತೇಬಿಟ್ಟಳು. "ನೋವು ನಿಂತದ್ದು ಆರಾಮಾಗಿ ಅಲ್ಲಣ್ಣ, ಬೆರಳು ಸತ್ತು!" ಅಳಕೋತನೇ ಆಂಬುಲೆನ್ಸಿಗೆ ಫೋನ್ ಹಚ್ಚಿದಳು.

ಯಾದಗಿರಿ ದವಾಖಾನ್ಯಾಗ ಡಾಕ್ಟರಮ್ಮ ಮುಚ್ಚಿಡಲಿಲ್ಲ. "ಬೆರಳು ತೆಗೀಬೇಕು. ತಡ ಮಾಡಿದ್ರ ಪಾದ ಹೋಗ್ತದ. ಇನ್ನೂ ತಡ ಮಾಡಿದ್ರ ಜೀವ."

ಬೆರಳೂ ಹೋತು, ಪಕ್ಕದ ಬೆರಳೂ ಹೋತು. ಉಗುರಲ್ಲಿ ಹೋಗೋದಕ್ಕ ಕೊಡಲಿ ಬೇಕಾತು ನೋಡ್ರಿ.

ಎಚ್ಚರಾದ ಗೊಲ್ಲಾಳಮ್ಮ ಕಾಲು ನೋಡಲಿಲ್ಲ, ಗಂಡನ್ನ ಹುಡುಕಿದಳು. ಮಗ್ಗುಲಾಗೇ ಕುಂತಿದ್ದ.

"ಉಂಗುರ?"

"ಕತ್ತರಿಸ್ಯಾರ" ಅಂದ ಸೂಗಪ್ಪ. "ನಾ ಸತ್ತೀನೇನ? ಅದನ್ನ ಹಿಡಕೊಂಡು ನೀನೇ ಸಾಯ್ತಿದ್ದೆಲ್ಲ, ಹುಚ್ಚಿ!" ಬೈಕೋತನೇ ಆಕಿ ಹಣಿ ಸವರಿದ.

ಮಲಕಮ್ಮ ಗ್ವಾಡಿಗೆ ಆತು ನಿಂತಿದ್ದಳು. ಉಂಗುರ ಇಲ್ಲದ ತನ್ನ ಕಾಲು ನೋಡಿಕೊಂಡಳು.

"ನಿಮ್ಮ ಮಾವ ಹೋದಾಗ ನನ್ನ ಕಾಲಾಗೂ ಉಂಗುರ ಇತ್ತವ್ವ" ಅಂದಳು. "ಅದೇನು ಅವರನ್ನ ಕಾಯ್ತು? ನಾನೇ ನಿನ್ನ ಬೆರಳು ತಿಂದೆ." ಸೊಸಿಯ ಪಟ್ಟಿ ಸುತ್ತಿದ ಕಾಲು ಮುಟ್ಟಿ ಅತ್ತಳು.

ಕೇಳಿದ ಅಕ್ಕಗಳಿರಾ, ಅಣ್ಣಗಳಿರಾ, ಇವತ್ತ ಕಾಲು ತೊಳ್ಕೊಳ್ಳೋ ಮುಂದ ಬೆರಳ ಸಂದಿ ಬಗ್ಗಿ ನೋಡ್ರಿ. ಬೆರಳು ಬಾತ್ರ ಉಂಗುರ ಅವತ್ತೇ ತೆಗೀರಿ, ಬರಲಿಲ್ಲಂದ್ರ ದವಾಖಾನ್ಯಾಗ ಕತ್ತರಿಸಿಕೊಳ್ರಿ. ಕೀವು, ಕೆಂಪು, ನಾತ, ಜ್ವರ ಕಂಡ್ರ ಕಾಯಬ್ಯಾಡ್ರಿ. ಬೆರಳು ಕಪ್ಪಾದ್ರ, ಜೋಮು ಹಿಡಿದ್ರ ಅದೇ ತಾಸಿಗೆ ಹೋಗ್ರಿ. ಸಕ್ಕರಿ ಬ್ಯಾನಿ ಇದ್ದವರು ಸಣ್ಣ ಗಾಯಕ್ಕೂ ತೋರಸ್ರಿ, ಗುಳಿಗಿ ಬಿಡಬ್ಯಾಡ್ರಿ. ನೋವು ತಾನೇ ನಿಂತಿತಂತ ದೀಪ ಹಚ್ಚಬ್ಯಾಡ್ರಿ.

ಗೊಲ್ಲಾಳಮ್ಮನ ಬೆರಳು ತಿರುಗಿ ಬರಂಗಿಲ್ಲ. ನಿಮ್ಮದು ಇನ್ನೂ ಕಾಲಾಗೇ ಅದ.