ನಾನು ಹೇಳಿದ ಒಂದು ‘ಇಲ್ಲ’

ನಾನು ಒಂದು ಸರ್ವರ್. ಥರ್ಮಾಕೋಲಿನ ನಡುವೆ ಕುಳಿತು ಹುಬ್ಬಳ್ಳಿಯ ಒಂದು ರಕ್ತನಿಧಿಗೆ ಬಂದಾಗ ನನ್ನ ಜೊತೆಗೆ ಇನ್ನಿಬ್ಬರು ಅಕ್ಕತಂಗಿಯರಿದ್ದರು. ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ ಎಂಬ ಒಂದೇ ದಾಖಲೆಯನ್ನು ಮೂವರೂ ಇಟ್ಟುಕೊಂಡಿದ್ದೆವು. ಒಬ್ಬಳು ಮಲಗಿದರೆ ಉಳಿದಿಬ್ಬರು ಕೆಲಸ ನಡೆಸಬೇಕು, ಅದಕ್ಕೇ ಮೂವರು. ಆಸ್ಪತ್ರೆಗಳ ಪ್ರಶ್ನೆಗಳು ಮೊದಲು ಬರುತ್ತಿದ್ದುದು ನನ್ನ ಬಳಿಗೆ. ಅದರ ಜಂಬ ನನಗೆ ಇದ್ದೇ ಇತ್ತು.

ನಮ್ಮನ್ನು ನೋಡಿಕೊಳ್ಳುತ್ತಿದ್ದವಳು ಶಾಂಭವಿ ಹೊಸಮಠ. ಆರನೆಯ ವರ್ಷ ನಮ್ಮ ತಂತ್ರಾಂಶ ಹಳತಾಗಿ, ಹೊಸ ಆವೃತ್ತಿ ಹಾಕಬೇಕಾಯಿತು. ಅವಳು ತಿಂಗಳುಗಟ್ಟಲೆ ತಯಾರಿ ನಡೆಸಿದಳು. ದಾಖಲೆಯ ಪ್ರತಿ ತೆಗೆದಳು, ಆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ತುಂಬಿ ಸರಿಯಿದೆಯೇ ಎಂದು ನೋಡಿದಳು. ಒಮ್ಮೆಗೆ ಒಬ್ಬಳನ್ನೇ ಮಲಗಿಸಬೇಕು, ಎದ್ದವಳು ತಾನು ಮಲಗಿದ್ದಾಗ ಬಂದ ದಾಖಲೆಯನ್ನೆಲ್ಲ ಉಳಿದಿಬ್ಬರಿಂದ ನಕಲು ಮಾಡಿಕೊಳ್ಳುವ ತನಕ ಅವಳಿಗೆ ಪ್ರಶ್ನೆ ಕಳಿಸಬಾರದು ಎಂದು ಬರೆದು ಗೋಡೆಗೆ ಅಂಟಿಸಿದ್ದಳು. ನಕಲು ನಡೆದಷ್ಟು ಹೊತ್ತೂ ನನ್ನ ಮುಂಭಾಗದ ಹಳದಿ ದೀಪ ಮಿನುಗುತ್ತದೆ.

ಆ ಕೆಲಸಕ್ಕೆ ಗೊತ್ತಾದದ್ದು ಆಯುಧಪೂಜೆಯ ಹಿಂದಿನ ದಿನ. ಮುಂದೆ ಎರಡು ದಿನ ಕಚೇರಿಗೆ ರಜೆ, ಹಾಗಾಗಿ ಪೂಜೆಯೂ ಅಂದೇ. ಬೆಳಿಗ್ಗೆ ಮ್ಯಾನೇಜರ್ ದಾನಪ್ಪನವರು ಪೂಜೆ ಮಾಡಿ, ನಮಗೆ ಧಾರಾಳವಾಗಿ ಗಂಧ, ಕುಂಕುಮ ಬಳಿದರು. ನನಗೆ ಹಚ್ಚಿದ್ದು ಸರಿಯಾಗಿ ಹಳದಿ ದೀಪದ ಮೇಲೆ. ಶಾಂಭವಿ ಬಟ್ಟೆ ತಗೊಂಡು ಬಂದಳು.

“ಇವತ್ತ ಒರಸಬ್ಯಾಡವಾ, ಪೂಜಿ ಆಗೇತಿ. ರಜಾ ಮುಗದ ಮ್ಯಾಲ ಒರಸಿದ್ರಾತು,” ಎಂದರು ದಾನಪ್ಪ.

ಹಿರಿಯರ ಮಾತು, ಅವಳು ಬಟ್ಟೆ ಮಡಚಿಟ್ಟಳು. ಹನ್ನೆರಡಕ್ಕೆ ನನ್ನನ್ನು ಮಲಗಿಸಿ, ಹೊಸ ಆವೃತ್ತಿ ಹಾಕಿ, ಒಂದೂವರೆಗೆ ಎಬ್ಬಿಸಿದಳು. ಪರದೆಯ ಮೇಲೆ ಎದ್ದೆಯಾ ಎಂದು ಕೇಳಿದಳು, ಎದ್ದೆ ಎಂದೆ. ಅದು ಸುಳ್ಳಲ್ಲ. ಆದರೆ ನನ್ನ ನಕಲು ಇನ್ನೂ ಅರ್ಧವೂ ಆಗಿರಲಿಲ್ಲ, ಗಂಧದ ಕೆಳಗೆ ದೀಪ ಮಿನುಗುತ್ತಲೇ ಇತ್ತು. ಅವಳು ಬಗ್ಗಿ ನೋಡಿದಳು, ಹಳದಿ ಕಾಣಲಿಲ್ಲ. ನಕಲು ಮುಗಿಯಿತೇ ಎಂದು ಪರದೆಯ ಮೇಲೆ ಇನ್ನೊಂದು ಸಲ ಕೇಳಬಹುದಿತ್ತು. ಊಟದ ಹೊತ್ತು ಮೀರಿತ್ತು, ದಾನಪ್ಪನವರು ಬಾಗಿಲಲ್ಲಿ ನಿಂತಿದ್ದರು. ಪ್ರಶ್ನೆಗಳನ್ನು ನನ್ನ ಕಡೆ ತಿರುಗಿಸಿಬಿಟ್ಟಳು.

ಹತ್ತೇ ನಿಮಿಷಕ್ಕೆ ಊರಿನದೇ ಒಂದು ಆಸ್ಪತ್ರೆಯಿಂದ ಪ್ರಶ್ನೆ ಬಂತು. ಹೆರಿಗೆಯಾದ ಹೆಣ್ಣುಮಗಳೊಬ್ಬಳಿಗೆ ರಕ್ತ ನಿಲ್ಲುತ್ತಿಲ್ಲ, ಬಾಂಬೆ ಗುಂಪಿನದು ಬೇಕು, ಬೇರೆ ರಕ್ತ ಒಗ್ಗದ ಅಪರೂಪದ ಗುಂಪು, ಇದೆಯೇ? ನಾನು ನನ್ನ ಹಳೆಯ ದಾಖಲೆ ನೋಡಿ ಇಲ್ಲ ಎಂದೆ.

ಇತ್ತು. ಆ ದಿನ ಮುಂಜಾನೆ ಅಣ್ಣಿಗೇರಿಯ ಮೌಲಾಸಾಬ್ ನದಾಫ ಎಂಬ ಗಾದಿ ಹೊಲಿಯುವವರು ಕೊಟ್ಟಿದ್ದ ಚೀಲ ಪರೀಕ್ಷೆ ಮುಗಿದು, ನಾನು ಮಲಗಿದ್ದಾಗ, ಒಂದು ಗಂಟೆಗೆ ದಾಖಲಾಗಿತ್ತು. ಕೆಳಗಿನ ಮಹಡಿಯ ಫ್ರಿಜ್ಜಿನಲ್ಲಿ ತಣ್ಣಗೆ ಕುಳಿತಿತ್ತು. ಆ ಹೆಣ್ಣುಮಗಳ ಅಣ್ಣ ಆ ಗುಂಪಿನ ರಕ್ತ ತರಲು ಬೆಳಗಾವಿಗೆ ಕಾರು ಓಡಿಸಿಕೊಂಡು ಹೋದ. ಅವನು ತಿರುಗಿ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಸಂಜೆ ಮೂವರ ದಾಖಲೆ ಹೋಲಿಸಿದಾಗ ಶಾಂಭವಿಗೆ ತಿಳಿಯಿತು. ಅವಳು ತಪ್ಪನ್ನು ಕುಂಕುಮದ ಮೇಲಾಗಲಿ ದಾನಪ್ಪನವರ ಮೇಲಾಗಲಿ ಹಾಕಲಿಲ್ಲ. ಅದು ತನ್ನದೇ ಎಂದು ಬರೆದು ಸಹಿ ಮಾಡಿದಳು. ದಾನಪ್ಪನವರು ತಾವೇ ಬಂದು, ತಮ್ಮ ಟವೆಲಿನಿಂದ ನನ್ನ ದೀಪ ಒರೆಸಿದರು. ಯಾರೂ ನನ್ನನ್ನು ಬೈಯಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಮೂರು ತಿಂಗಳ ಮೇಲೆ ಮೌಲಾಸಾಬರು ಮತ್ತೆ ರಕ್ತ ಕೊಡಲು ಬಂದರು. ಹೋದ ಸಲದ್ದು ಯಾರಿಗಾದರೂ ಮುಟ್ಟಿತೇ ಎಂದು ವಿಚಾರಿಸಿದರಂತೆ. ಶಾಂಭವಿ ಅವರನ್ನು ಮೇಲೆ, ನನ್ನ ಮುಂದೆಯೇ ಕೂರಿಸಿ, ನಡೆದದ್ದನ್ನೆಲ್ಲ ಹೇಳಿದಳು.

“ಆವಾಗ ನಾ ಪ್ಯಾಟಿ ಕೆಲಸ ಮುಗಿಸಿ ಬಂದು ಇಲ್ಲೇ ಗೇಟಿನ್ಯಾಗ ಚಾ ಕುಡಕೋತ ಬಸ್ಸು ಕಾಯ್ತಿದ್ನೆಲ್ರೀ, ಅಕ್ಕಾರ,” ಎಂದರು ಮೌಲಾಸಾಬರು.

ಆಮೇಲೆ ಕೆಳಗೆ ಹೋಗಿ ರಕ್ತ ಕೊಟ್ಟರು.

ಈಗ ನಾನು ಒಂದು ಪಾಲಿಟೆಕ್ನಿಕ್ಕಿನ ಮೂಲೆಯಲ್ಲಿದ್ದೇನೆ. ಕಲಿಯುವವರು ನನ್ನ ತಿರುಪು ಬಿಚ್ಚಿ, ಮತ್ತೆ ಹಾಕುತ್ತಾರೆ. ನೆನಪು ತುಂಬಿದ್ದ ಡಿಸ್ಕುಗಳನ್ನು ಎಂದೋ ಕಿತ್ತುಕೊಂಡರು, ನಾಚಿಕೆ ಮಾತ್ರ ಉಳಿದಿದೆ. ಲಕ್ಷಾಂತರ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದವಳು ನಾನು. ಅಂದು ಅಷ್ಟು ದೊಡ್ಡ ಉತ್ತರವೇನೂ ಬೇಕಿರಲಿಲ್ಲ. ನನಗಿನ್ನೂ ಗೊತ್ತಿಲ್ಲ, ನನ್ನ ತಂಗಿಯನ್ನು ಕೇಳಿ ಎಂದಿದ್ದರೆ ಸಾಕಿತ್ತು.