ಹೊಸ ಮನೆಯಲ್ಲಿ ಕರಗದ ಕಾಳು

ನಲ್ಲಿ ನೀರು ಬರುವ ಹೊಸ ಮನೆಗೆ ಬಂದು ಮೂರು ವಾರವಾಗಿತ್ತು. ಅಂದೂ ಕಾಳು ಕರಗಲಿಲ್ಲ.

ಸಿಪ್ಪೆ ಬಿಡಿಸಿದ, ಅವರೆಯಂಥ ಒಣ ಫಾವಾ ಕಾಳನ್ನು ಬೆಳಿಗ್ಗೆ ಮಣ್ಣಿನ ಗಡಿಗೆಗೆ ಹಾಕಿ ಕೆಂಡದ ಪಕ್ಕ ಇಟ್ಟರೆ, ಮಧ್ಯಾಹ್ನದ ಹೊತ್ತಿಗೆ ಅದು ಬೆಣ್ಣೆಯ ಹಾಗೆ ಆಗಬೇಕು. ಅದರ ಪಕ್ಕಕ್ಕೆ ಬೇಯಿಸಿದ ಕಹಿಸೊಪ್ಪು, ಮೇಲೆ ಒಂದು ಧಾರೆ ಆಲಿವ್ ಎಣ್ಣೆ. ದೊನಾತಾಳ ಕೈಯಲ್ಲಿ ನಲವತ್ತು ವರ್ಷ ಅದು ಒಂದು ದಿನವೂ ಕೆಟ್ಟಿರಲಿಲ್ಲ. ಈಗ ಸೌಟಿನಿಂದ ಎಷ್ಟು ಮಸೆದರೂ ಬರೀ ನುಚ್ಚು.

“ಅಮ್ಮಾ, ಇವತ್ತೂ ಕಲ್ಲು ಬೇಯ್ಸಿದ್ಯಾ?” ಅಂದ ಮಗ ಸವೇರಿಯೋ.

ಸೊಸೆ ಪಲ್ಮಿರಾ ಮೇಜಿನ ಕೆಳಗೆ ಅವನ ಕಾಲು ತುಳಿದಳು. “ನಿಮಗೂ ವಯಸ್ಸಾಯ್ತು ಅತ್ತೆ. ಇನ್ಮೇಲೆ ಗಡಿಗೆ ನಾನೇ ನೋಡ್ಕೋತೀನಿ ಬಿಡಿ.”

ಮಾತು ಮೆತ್ತಗೇ ಇತ್ತು. ಆದರೂ ದೊನಾತಾ ಕೈಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. ಆ ಮನೆಯಲ್ಲಿ ತನ್ನದು ಅಂತ ಅವಳಿಗೆ ಉಳಿದಿದ್ದು ಆ ಗಡಿಗೆಯೊಂದೇ.

“ಭಾನುವಾರದ ತನಕ ತಡ್ಕೋ ಮಗಳೇ. ಆಗ್ಲೂ ಸರಿಹೋಗ್ದಿದ್ರೆ ಗಡಿಗೆ ನಿಂದೇ.”

ಕಾಳು ಅದೇ ಮೂಟೆಯದು. ಗಡಿಗೆ ಅದೇ. ಸೌದೆಯೂ ಅದೇ ಬಾದಾಮಿ ಮರದ್ದು. ಹಾಗಾದರೆ ಕೆಟ್ಟಿದ್ದು ಕೈಯೇ? ದೊನಾತಾ ಅಂಗೈ ಮಗುಚಿ ಮಗುಚಿ ನೋಡಿಕೊಂಡಳು.

ಶನಿವಾರ ಹಳೇ ಮನೆಯ ಹಿಂದಿನ ಕಲ್ಲುಭೂಮಿಯಲ್ಲಿ ಕಹಿಸೊಪ್ಪು ಕೀಳಲು ಹೋದಳು. ಮಣ್ಣಾದ ಕೈ ತೊಳೆಯಲು ಅಂಗಳದ ತೊಟ್ಟಿಯಿಂದ ನೀರು ಸೇದಿದಳು. ಮಾಳಿಗೆಯ ಮೇಲೆ ಬಿದ್ದ ಮಳೆನೀರೆಲ್ಲ ಇಳಿದು ನಿಲ್ಲುವ ತೊಟ್ಟಿ ಅದು. ಅಲ್ಲೇ ಬಿದ್ದಿದ್ದ ಸೋಪಿನ ಚೂರು ಉಜ್ಜಿದ್ದೇ ತಡ, ಮೊಣಕೈವರೆಗೂ ನೊರೆ! ಹೊಸ ಮನೆಯ ನಲ್ಲಿ ನೀರಿಗೆ ಇದೇ ಸೋಪು ನೊರೆ ಬಿಡದೆ ಸತಾಯಿಸುತ್ತಿತ್ತಲ್ಲ? ಅವಳು ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತಳು. ಆಮೇಲೆ ಒಂದು ಬಿಂದಿಗೆ ತುಂಬಿಕೊಂಡು ಹೊರಟಳು.

ಭಾನುವಾರ ಕೆಂಡದ ಪಕ್ಕ ಎರಡು ಗಡಿಗೆ ಕೂತವು.

“ಇದೇನತ್ತೆ, ಇಡೀ ಪಟಾಲಂಗೆ ಅಡಿಗೇನಾ?”

“ಸುಮ್ನೆ ನೋಡ್ತಾ ಇರು.”

ಪಲ್ಮಿರಾ ಹೋಗಲೂ ಇಲ್ಲ, ಕೂರಲೂ ಇಲ್ಲ. ಗಳಿಗೆಗೊಮ್ಮೆ ಬಂದು ಮುಚ್ಚಳ ಎತ್ತಿ ಇಣುಕಿದಳು. ಮಧ್ಯಾಹ್ನ ದೊನಾತಾ ಅವಳ ಕೈಗೇ ಸೌಟು ಕೊಟ್ಟಳು. ಒಂದು ಗಡಿಗೆಯಲ್ಲಿ ಕಾಳು ಕಾಳಾಗಿಯೇ ಇತ್ತು. ಇನ್ನೊಂದರಲ್ಲಿ ಸೌಟು ತಾಕಿದ ಕೂಡಲೇ ಎಲ್ಲ ಕರಗಿ ಒಂದಾಯಿತು. ಪಲ್ಮಿರಾ ಬೆರಳಲ್ಲಿ ತೆಗೆದು ನೆಕ್ಕಿದಳು.

“ಇದಕ್ಕೇನು ಹಾಕಿದ್ರಿ?”

“ಹಳೇ ತೊಟ್ಟಿ ನೀರು. ಆ ಇನ್ನೊಂದಕ್ಕೆ ನಿನ್ನ ನಲ್ಲಿಯ ಗಡಸು ನೀರು. ಬೇರೆ ಏನೂ ಇಲ್ಲ.”

“ಅಯ್ಯೋ, ಮನೇಲಿ ನಲ್ಲಿ ಬಂತು ಅಂತ ಬೀದಿಗೆಲ್ಲ ಸಾರಿದೋಳು ನಾನೇ!” ಪಲ್ಮಿರಾ ನಗುತ್ತಲೇ ಖಾಲಿ ಬಿಂದಿಗೆ ಕೈಗೆತ್ತಿಕೊಂಡಳು. “ನೀರು ತರೋದು ನಂದು ಅತ್ತೆ. ಗಡಿಗೆ ನಿಮ್ದೇ.”

ದೊನಾತಾ ಕಹಿಸೊಪ್ಪಿನ ನೀರು ಹಿಂಡಿ ತಟ್ಟೆಗಳಿಗೆ ಇಟ್ಟಳು. ಹೊರಗೆ ಸವೇರಿಯೋನ ಹೆಜ್ಜೆಯ ಸಪ್ಪಳವಾಯಿತು.

“ಅವನ ತಟ್ಟೆಗೆ ಯಾವುದತ್ತೆ?”

“ಅವನಿಗೆ ಕಲ್ಲೇ ಬಡಿಸು.”