ಖಾಲಿಯಾದರೂ ಇಳಿಯದ ಭಾರ

"ಇನ್ನೊಬ್ಬರು ತಾನೆ? ಹತ್ತಿಸ್ಕೊಳ್ಳಮ್ಮ," ಎಂದು ಮಾವ ವಿಮಾನದ ಬಾಗಿಲು ಹಿಡಿದು ನಿಂತರು. ಅವರ ಹಿಂದೆ ದ್ವೀಪದ ಪುರಸಭೆ ಅಧ್ಯಕ್ಷರು. ಅಧ್ಯಕ್ಷರ ಹಿಂದೆ ಅವರಷ್ಟೇ ಹೊಟ್ಟೆ ಬಂದ ಸೂಟ್‌ಕೇಸು.

ಪೈಲಟ್ ಸೀಟಿನಲ್ಲಿ ಕೂತಿದ್ದ ಸೊಸೆ ತಿರುಗಿ ನೋಡಿದಳು. "ಆಗಲ್ಲ ಮಾವ. ದಡಕ್ಕೆ ವಾಪಸ್ ಹೋಗೋಕೆ ನನ್ನ ಬಿಟ್ಟು ಮೂರೇ ಜನ."

"ನಾಲ್ಕು ಸೀಟಿದೆಯಲ್ಲ!"

"ಸೀಟಿದೆ. ಚಾರ್ಜಿಲ್ಲ."

ಮಾವ ನಕ್ಕರು. ಅರ್ಧ ಆಯುಸ್ಸು ಪೆಟ್ರೋಲ್ ವಿಮಾನ ಹಾರಿಸಿ, ಈಗ ಕಂಪನಿಯ ಯಜಮಾನರಾಗಿ ಕೂತವರ ನಗು ಅದು. "ಬರೋವಾಗ ಅರ್ಧ ಖರ್ಚು ಮಾಡಿದ್ದೀಯ. ಅಷ್ಟು ಹಗುರ ಆಗಿರುತ್ತೆ. ನಾನು ವಾಪಸ್ ಬರ್ತಾ ಯಾವಾಗ್ಲೂ ಒಬ್ಬರನ್ನ ಜಾಸ್ತಿ ತರ್ತಿದ್ದೆ."

"ಅದು ಪೆಟ್ರೋಲು, ಉರಿದು ಹೋಗ್ತಿತ್ತು. ಬ್ಯಾಟರಿ ಖಾಲಿಯಾದ್ರೂ ಇದ್ದಷ್ಟೇ ಭಾರ. ಸಾಲದ್ದಕ್ಕೆ ಈಗ ಎದುರುಗಾಳಿ."

"ನನಗೇ ಹಾರೋದು ಹೇಳಿಕೊಡ್ತೀಯಾ?"

ಈ ವಿದ್ಯುತ್ ವಿಮಾನದ ಗುಣವನ್ನು ಅವಳು ಬಲ್ಲಳು. ಕೀಲಿ ತಿರುಗಿಸಿದರೆ ಕೆಮ್ಮದೆ, ಉಗುಳದೆ ಏಳುತ್ತದೆ; ತುಂಡು ರನ್‌ವೇ ಸಾಕು. ಇಂಧನದ ಖರ್ಚು ಇಳಿದು ಟಿಕೆಟ್ಟೂ ಇಳಿದಿದ್ದರಿಂದಲೇ, ಮೂತ್ರಪಿಂಡ ಕೆಟ್ಟ ದರ್ಜಿಯಣ್ಣ ರಕ್ತ ಶುದ್ಧಿ ಮಾಡಿಸಿಕೊಳ್ಳಲು ದಡದ ಆಸ್ಪತ್ರೆಗೆ ಹಾರಿಕೊಂಡು ಹೋಗುತ್ತಿದ್ದ. ಆದರೆ ವಿಮಾನಕ್ಕೆ ಉಣ್ಣಿಸದೆ ದುಡಿಸುವ ಹಾಗಿಲ್ಲ. ದ್ವೀಪದಲ್ಲಿ ಉಣ್ಣಿಸಲು ಚಾರ್ಜರ್ ಇತ್ತು; ಹೋದ ತಿಂಗಳು ಅಧ್ಯಕ್ಷರೇ ಉದ್ಘಾಟಿಸಿದ್ದರು. ಪೆಟ್ಟಿಗೆ ಬಂತು, ಬಣ್ಣ ಬಂತು, ಅಧ್ಯಕ್ಷರ ಹೆಸರಿನ ಫಲಕ ಬಂತು. ಕರೆಂಟು ಬರಲಿಲ್ಲ. ಅಂದಿನ ಭಾಷಣದಲ್ಲಿ ಅಧ್ಯಕ್ಷರು ಎಷ್ಟು ಎತ್ತರಕ್ಕೆ ಹಾರಿದ್ದರೆಂದರೆ, ಕೆಳಗೆ ತಂತಿ ಎಳೆದಿಲ್ಲ ಎಂಬುದು ಅವರಿಗೆ ಕಂಡಿರಲಿಲ್ಲ.

"ಸರಿ, ಮೂರೇ ಜನ," ಎಂದ ಮಾವ ಒಳಗೆ ಬಗ್ಗಿ, ಹೆಂಡತಿಯ ಜೊತೆ ಆಗಲೇ ಹತ್ತಿ ಕೂತಿದ್ದ ದರ್ಜಿಯ ಬೆಲ್ಟನ್ನು ತಾವೇ ಬಿಚ್ಚಿದರು. "ನೀನು ದೋಣಿಗೆ ಬಾರಪ್ಪ."

ದರ್ಜಿ ಎದ್ದೇಬಿಟ್ಟ. ಬಾತ ಪಾದಗಳು ಚಪ್ಪಲಿಗೆ ಹಿಡಿಸದೆ ಹಿಮ್ಮಡಿ ಹೊರಗೇ ಉಳಿದಿತ್ತು. "ಪರವಾಗಿಲ್ಲ ಬಿಡಿ..."

"ಏನ್ರೀ ಪರವಾಗಿಲ್ಲ?" ಪಕ್ಕದಲ್ಲಿದ್ದ ಹೆಂಡತಿ ಅವನ ತೋಳು ಹಿಡಿದೆಳೆದು ಕೂರಿಸಿದಳು. "ದೋಣಿ ಸೇರೋದು ರಾತ್ರಿಗೆ. ಆಸ್ಪತ್ರೆ ಮಿಷಿನ್ನು ನಿಮ್ಮ ದಾರಿ ಕಾಯುತ್ತಾ? ಹೋದ್ಸಲ ತಪ್ಪಿದಾಗ ಉಸಿರು ಸಿಕ್ಕಿಕೊಂಡಿದ್ದು ಮರೆತುಹೋಯ್ತಾ?"

"ನನ್ನದೂ ತುರ್ತೇ ಕಣಮ್ಮ," ಎಂದರು ಅಧ್ಯಕ್ಷರು. "ಸಂಜೆ ಟಿವಿಯಲ್ಲಿ ಚರ್ಚೆ. ವಿಷಯ, ನಮ್ಮ ದ್ವೀಪದ ವಿದ್ಯುತ್ ಪ್ರಗತಿ."

ಸೊಸೆ ಹೆಡ್‌ಫೋನ್ ಕಿತ್ತು ಸೀಟಿಗೆಸೆದು ಕೆಳಗೆ ಜಿಗಿದಳು. ಕಿವಿ ಕೆಂಪಗಾಗಿತ್ತು. ಚಾರ್ಜರ್‌ನ ದಪ್ಪ ಕೇಬಲ್ ಎಳೆದು ತಂದು ಅಧ್ಯಕ್ಷರ ಕೈಗೆ ಕೊಟ್ಟಳು.

"ನೀವೇ ಉದ್ಘಾಟಿಸಿದ್ದು, ನೀವೇ ಚುಚ್ಚಿ. ದೀಪ ಹತ್ತಿದ್ರೆ ವಿಮಾನದ ಹೊಟ್ಟೆ ತುಂಬಿಸ್ಕೊಂಡು ನಾಲ್ಕೂ ಜನರನ್ನ ಕರ್ಕೊಂಡು ಹೋಗ್ತೀನಿ."

ಅಧ್ಯಕ್ಷರು ಚುಚ್ಚಿದರು. ಗುಂಡಿ ಒತ್ತಿದರು. ಫೋಟೋದವರಿಲ್ಲದ್ದರಿಂದಲೋ ಏನೋ, ದೀಪ ಹತ್ತಲಿಲ್ಲ. "ಇದು... ಇಲಾಖೆಯವರು..."

"ಇವರು ಮಾಡದ ಕೆಲಸಕ್ಕೆ ಕಾಯಿಲೆಯವರು ಇಳೀಬೇಕಾ? ದರ್ಜಿಯಣ್ಣ ಇಳಿದ್ರೆ ನಾನೂ ಇಳಿದೆ." ಸೊಸೆ ಕೀಲಿಯನ್ನು ಮಾವನ ಮುಂದೆ ಹಿಡಿದಳು. "ತಗೊಳ್ಳಿ. ನೀವೇ ಹಾರಿಸಿ."

ಮಾವ ಕೀಲಿ ನೋಡಿದರು, ರನ್‌ವೇ ಪಕ್ಕದ ಕಂಬದಲ್ಲಿ ಎದುರುಗಾಳಿಗೆ ಉಬ್ಬಿದ ಗಾಳಿಚೀಲ ನೋಡಿದರು. ಕೀಲಿಗೆ ಕೈ ಚಾಚಲಿಲ್ಲ. "ನಾಳೆಯಿಂದ ನೀನು ಮನೇಲಿರು."

"ನಾಳೇದು ನಾಳೆ. ಈಗ ಹತ್ತಿ, ಬೆಲ್ಟ್ ಹಾಕ್ಕೊಳ್ಳಿ."

ಅಧ್ಯಕ್ಷರನ್ನೂ ಅವರ ಸೂಟ್‌ಕೇಸನ್ನೂ ದ್ವೀಪದಲ್ಲೇ ಬಿಟ್ಟು ವಿಮಾನ ಸದ್ದಿಲ್ಲದೆ ಎದ್ದಿತು. ಸದ್ದಿಲ್ಲದ್ದರಿಂದ ಪಕ್ಕದಲ್ಲಿ ಕೂತ ಮಾವನ ಗೊಣಗಾಟ ಅಕ್ಷರ ಅಕ್ಷರವಾಗಿ ಕೇಳಿತು. ಮನೆತನದ ಮರ್ಯಾದೆ, ಹಿರಿಯರು, ಎದುರುತ್ತರ. ಸಮುದ್ರದ ನಡುವೆ ಗಾಳಿ ಬಲವಾಯಿತು. ದಡ ಹತ್ತಿರ ಬರುವುದಕ್ಕಿಂತ ಬೇಗ ಪರದೆಯ ಮೇಲೆ ಚಾರ್ಜಿನ ಅಂಕಿ ಇಳಿಯತೊಡಗಿತು. ಮಾವ ಹಳೇ ಅಭ್ಯಾಸದಂತೆ ಬೆರಳ ಗೆಣ್ಣಿನಿಂದ ಆ ಪರದೆಯನ್ನು ಟಕಟಕ ತಟ್ಟಿದರು. ಅಂಕಿ ಇನ್ನೊಂದು ಇಳಿಯಿತು. ಗೊಣಗಾಟ ನಿಂತು, ಹಿಂದಿನ ಸೀಟಿನ ದರ್ಜಿಯ ಗೊರಕೆ ಕೇಳಿಸಿತು.

ಚಕ್ರ ನೆಲ ಮುಟ್ಟಿದಾಗ ಪರದೆ ಕೆಂಪಾಗಿ ಮಿನುಗುತ್ತಿತ್ತು. ದಂಪತಿ ಟ್ಯಾಕ್ಸಿ ಹತ್ತಿ ಆಸ್ಪತ್ರೆಗೆ ಹೋದರು. ವಿಮಾನ ಎಳೆಯುವ ಟ್ರಾಕ್ಟರಿನವನಿಗೆ ಅಂದು ರಜೆ.

"ನೀನು ಬಿಡು. ಖಾಲಿ ವಿಮಾನ ತಾನೆ, ಒಬ್ಬನೇ ತಳ್ತೀನಿ," ಎಂದರು ಮಾವ. ಹಿಂದೆಲ್ಲ ವಾಪಸ್ ಬಂದ ವಿಮಾನವನ್ನು ಹೀಗೇ ಶೆಡ್ಡಿಗೆ ಸೇರಿಸುತ್ತಿದ್ದರು. ರೆಕ್ಕೆಯ ಕಂಬಕ್ಕೆ ಭುಜ ಕೊಟ್ಟು ತಳ್ಳಿದರು.

ಅದು ಅಲುಗಲಿಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿದರು. ಅಧ್ಯಕ್ಷರು. ಅದನ್ನು ಹಾಗೇ ಜೇಬಿಗಿಳಿಸಿ, ಚಪ್ಪಲಿ ಬಿಟ್ಟು, ಬರಿಗಾಲನ್ನು ಸಿಮೆಂಟಿಗೆ ಒತ್ತಿ ಮತ್ತೆ ತಳ್ಳಿದರು. ಕತ್ತಿನ ನರ ಉಬ್ಬಿತು.

ಸೊಸೆ ಆಚೆ ರೆಕ್ಕೆಯ ಕೆಳಗೆ ಹೋಗಿ ಭುಜ ಕೊಟ್ಟಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಚಕ್ರ ಒಂದು ಗೇಣು ಹೊರಳಿತು.